ಹಾರುತ್ತಿರುವ ಮಾದರಿ ವಿಮಾನದ ಬ್ಯಾಟರಿ ಲೆಕ್ಕ ರಿಮೋಟಿನ ಪರದೆಯಲ್ಲಿ: ಯಾವ ಅಂಕಿಯನ್ನು ನಂಬಬೇಕು?

ಆಲ್ದೂರು ತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಕಡೆಯವನು. ಕಾಫಿ ಒಣಗಿಸುವ ಕಣವೇ ನನ್ನ ರನ್‌ವೇ. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ ಹರಡಿರುತ್ತದೆ, ವಿಮಾನಕ್ಕೆ ಜಾಗವಿರುವುದಿಲ್ಲ. ಮಳೆ ನಿಂತು ಹಣ್ಣು ಕೆಂಪಾಗುವುದರೊಳಗಿನ ಈ ಕೆಲವು ವಾರಗಳಲ್ಲೇ ನನ್ನ ಕೆಲಸವನ್ನು ಮುಗಿಸಿಕೊಳ್ಳಬೇಕು. ಹಾಗಾಗಿ ಸ್ವಲ್ಪ ಅವಸರದಲ್ಲಿ ಕೇಳುತ್ತಿದ್ದೇನೆ.

ವಿಮಾನ ಫೋಮಿನದು, ರೆಕ್ಕೆ ಮೇಲಿರುವ ಟ್ರೇನರ್, ಬ್ಯಾಟರಿ ಸೇರಿ 1.1 ಕಿಲೋ. ಮೋಟಾರ್ 1100 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1100 ಸುತ್ತು), ಪ್ರೊಪೆಲ್ಲರ್ 9×6 (ವ್ಯಾಸ 9 ಇಂಚು, ಪಿಚ್ ಎಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ 6 ಇಂಚು), ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ 30 ಆಂಪಿಯರ್, ಬ್ಯಾಟರಿ ಮೂರು ಸೆಲ್ಲಿನ 2200 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಲಿಪೊ (ಲಿಥಿಯಂ ಪಾಲಿಮರ್). ಇಷ್ಟು ದಿನ ರಿಮೋಟಿನ ಟೈಮರ್ ನಂಬಿ ಹಾರಿಸುತ್ತಿದ್ದೆ. ಗಾಳಿ ಇಲ್ಲದ ದಿನ ಅದು ಸರಿಯಾಗಿಯೇ ಇತ್ತು. ಆದರೆ ನಮ್ಮಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿಂದ ಗಾಳಿ ಇಳಿಯುತ್ತದೆ, ಅದಕ್ಕೆ ಎದುರಾಗಿ ಬರುವಾಗ ಥ್ರಾಟಲ್ ಹೆಚ್ಚು ಹಿಡಿಯಬೇಕಾಗುತ್ತದೆ. ಮೊನ್ನೆ ಟೈಮರ್ ಕೂಗುವ ಮುನ್ನವೇ ಇಎಸ್‌ಸಿ ಮೋಟಾರನ್ನು ನಿಲ್ಲಿಸಿಬಿಟ್ಟಿತು. ವಿಮಾನ ಸಿಲ್ವರ್ ಓಕ್ ಸಾಲಿನ ಆಚೆ ಕಾಫಿ ಗಿಡಗಳ ಮೇಲೆ ಇಳಿಯಿತು. ಪುಣ್ಯಕ್ಕೆ ಒಂದು ರೆಕ್ಕೆಯ ಅಂಚು ಮಾತ್ರ ಸೀಳಿತು.

ಆಮೇಲೆ ಒಂದು 40 ಆಂಪಿಯರ್ ಕರೆಂಟ್ ಸೆನ್ಸರ್ ತರಿಸಿ ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಹಾಕಿ, ರಿಸೀವರಿನಲ್ಲಿ ಸೆನ್ಸರಿಗೆಂದೇ ಇರುವ ಎಸ್-ಪೋರ್ಟಿಗೆ ಜೋಡಿಸಿದ್ದೇನೆ. ರಿಮೋಟಿನಲ್ಲಿರುವ ತಂತ್ರಾಂಶ ಎಡ್ಜ್‌ಟಿಎಕ್ಸ್, ಪರದೆ ಕಪ್ಪು-ಬಿಳುಪಿನದು. ಸೆನ್ಸರ್ ಹುಡುಕು ಎಂದಾಗ ವೋಲ್ಟೇಜು, ಕರೆಂಟು ಎರಡೂ ಬಂದವು. ತೊಂದರೆ ಮೂರು. ಮೋಟಾರ್ ನಿಂತಿರುವಾಗಲೂ ಪರದೆ 1.4 ಆಂಪಿಯರ್ ತೋರಿಸುತ್ತದೆ. ವೋಲ್ಟೇಜ್ 11.1ಕ್ಕೆ ಎಚ್ಚರಿಕೆ ಇಟ್ಟಿದ್ದೇನೆ, ಥ್ರಾಟಲ್ ತೆರೆದಾಗಲೆಲ್ಲ ಅದು ಕೂಗುತ್ತದೆ, ಇಳಿಸಿದರೆ ಸುಮ್ಮನಾಗುತ್ತದೆ. ಇನ್ನು ಪರದೆಯಲ್ಲಿ ಏನನ್ನು ಇಡಬೇಕು ಎನ್ನುವುದೇ ತಿಳಿಯುತ್ತಿಲ್ಲ. ವೋಲ್ಟು, ಆಂಪಿಯರು, ವ್ಯಾಟು, ಎಂಎಎಚ್, ಸಿಗ್ನಲ್ ಬಲ ಎಲ್ಲವನ್ನೂ ತುಂಬಿದ್ದೇನೆ, ಹಾರಿಸುವಾಗ ಒಂದನ್ನೂ ಓದಲು ಆಗುವುದಿಲ್ಲ. ತಿಳಿದವರು ದಾರಿ ತೋರಿಸಿ.

---

ಹಾಸನ ಇ ಅಂಡ್ ಸಿ

ಬ್ರದರ್, ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ರಿಮೋಟಿನ ಗೊಡವೆಯೇ ಬೇಡ ಎಂದಾದರೆ ಮೇಜಿನ ಮೇಲೆ ಇಟ್ಟು ನೋಡಲು ಒಂದು ಡಿಸ್‌ಪ್ಲೇ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ಒಂದು ಆರ್ಡುಯಿನೊ ನ್ಯಾನೊ (ಪುಟ್ಟ ಕಂಪ್ಯೂಟರ್ ಬೋರ್ಡು), 0.96 ಇಂಚಿನ ಓಎಲ್‌ಇಡಿ ಪರದೆ, ಐಎನ್‌ಎ219 ಎಂಬ ಕರೆಂಟ್ ಅಳೆಯುವ ಮಾಡ್ಯೂಲ್. ನಾಲ್ಕು ತಂತಿ ಜೋಡಿಸಿದರೆ ವೋಲ್ಟು, ಆಂಪಿಯರು, ವ್ಯಾಟು ಮೂರೂ ಬರುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ. ಸೌರ ಫಲಕದ ಪ್ರಾಜೆಕ್ಟಿಗೆ ನಾವು ಇದನ್ನೇ ಬಳಸಿದ್ದೆವು, ಬಹಳ ನಿಖರವಾಗಿತ್ತು.

---

ಮೀಟರ್ ಪರೀಕ್ಷಕ, ಹಾಸನ

ಆಲ್ದೂರಿನವರೇ, ನಾನು ವಿದ್ಯುತ್ ಇಲಾಖೆಯ ಮೀಟರ್ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಮೊಮ್ಮಗನ ಜೊತೆ ವಿಮಾನ ಹಾರಿಸುತ್ತೇನೆ. ನಿಮ್ಮ ಪ್ರಶ್ನೆ ನನ್ನ ಕಸುಬಿನದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಆ ತಮ್ಮನಿಗೊಂದು ಮಾತು. ಐಎನ್‌ಎ219 ಒಳ್ಳೆಯ ಚಿಪ್ಪು, ಸೌರ ಫಲಕಕ್ಕೆ ಸರಿ. ಆದರೆ ಅಂಗಡಿಯಲ್ಲಿ ಸಿಗುವ ಮಾಡ್ಯೂಲಿನ ಮೇಲೆ ಬೆಸೆದಿರುವ ಷಂಟ್ (ಕರೆಂಟ್ ಅಳೆಯಲು ಸಾಲಿನಲ್ಲಿಡುವ ರೆಸಿಸ್ಟರ್) 0.1 ಓಮ್‌ನದು, ಆ ಚಿಪ್ಪು ಷಂಟಿನ ಮೇಲೆ ಅಳೆಯಬಲ್ಲದ್ದು ಹೆಚ್ಚೆಂದರೆ 320 ಮಿಲಿವೋಲ್ಟ್. ಅಂದರೆ 3.2 ಆಂಪಿಯರಿಗೆ ಅದರ ಕತೆ ಮುಗಿಯಿತು. ಇವರ ಮೋಟಾರ್ 20 ಆಂಪಿಯರ್ ದಾಟಿ ಎಳೆಯುವಂಥದ್ದು. 20 ಆಂಪಿಯರಿಗೆ 0.1 ಓಮ್ ಷಂಟಿನಲ್ಲಿ 40 ವ್ಯಾಟ್ ಶಾಖವಾಗುತ್ತದೆ, ಬೆಸುಗೆ ಕರಗಿ ಹೊಗೆ ಬರುತ್ತದೆ. ಲಿಪೊ ಬ್ಯಾಟರಿಯ ಪಕ್ಕದಲ್ಲಿ ಹೊಗೆ ಬರುವ ಪ್ರಯೋಗವನ್ನು ಯಾರಿಗೂ ಹೇಳಿಕೊಡಬೇಡ. ನ್ಯಾನೊದಲ್ಲೇ ಮಾಡಬೇಕು ಎಂದಿದ್ದರೆ ಎಸಿಎಸ್758 ಎಂಬ ಹಾಲ್ ಸೆನ್ಸರ್ (ಕರೆಂಟಿನ ಕಾಂತಕ್ಷೇತ್ರದಿಂದ ಅಳೆಯುವಂಥದ್ದು) ತೆಗೆದುಕೋ. ಅದರೊಳಗಿನ ತಾಮ್ರದ ದಾರಿಯ ಅಡ್ಡಿ 100 ಮೈಕ್ರೊ ಓಮ್ ಮಾತ್ರ. ಎರಡೂ ದಿಕ್ಕಿನ 50 ಆಂಪಿಯರ್ ಮಾದರಿ ಆಂಪಿಯರಿಗೆ 40 ಮಿಲಿವೋಲ್ಟ್ ಕೊಡುತ್ತದೆ, ಸೊನ್ನೆಗೆ 2.5 ವೋಲ್ಟ್. ನ್ಯಾನೊದ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್ ಆದ್ದರಿಂದ 0.12 ಆಂಪಿಯರಿನಷ್ಟು ಸೂಕ್ಷ್ಮವಾಗಿ ಓದಬಹುದು. ನಮ್ಮ ಕೆಲಸಕ್ಕೆ ಧಾರಾಳ.

ಈಗ ನಿಮ್ಮ 1.4 ಆಂಪಿಯರ್. ಇದನ್ನು ಸಣ್ಣದೆಂದು ಬಿಡಬೇಡಿ. ಸೊನ್ನೆ ತಪ್ಪಿದ ಮೀಟರ್ ಪ್ರತಿ ಕ್ಷಣವೂ ತಪ್ಪನ್ನು ಕೂಡಿಸುತ್ತಾ ಹೋಗುತ್ತದೆ. 1.4 ಆಂಪಿಯರ್ ಎಂಟು ನಿಮಿಷಕ್ಕೆ ಸುಮಾರು 187 ಎಂಎಎಚ್ ಆಗುತ್ತದೆ. ನಿಮ್ಮ ಬ್ಯಾಟರಿಯ ಹನ್ನೆರಡನೇ ಒಂದು ಭಾಗಕ್ಕೂ ಹೆಚ್ಚು, ಅದೂ ಖರ್ಚಾಗದೇ ಲೆಕ್ಕಕ್ಕೆ ಬಂದದ್ದು. ನಾನು ಸರ್ವಿಸಿನಲ್ಲಿದ್ದಾಗ ಯಾವ ಮೀಟರನ್ನೂ ಮೊದಲು ಹೊರೆ ಹಾಕಿ ನೋಡುತ್ತಿರಲಿಲ್ಲ. ಹೊರೆ ತೆಗೆದು, ಅದು ಸುಮ್ಮನೆ ನಿಲ್ಲುತ್ತದೆಯೇ ಎಂದು ನೋಡುತ್ತಿದ್ದೆ. ಇಲ್ಲಿಯೂ ಹಾಗೇ ಮಾಡಿ.

ಆದರೆ 1.4 ಅನ್ನು ಪೂರ್ತಿ ಅಳಿಸಿಬಿಡುವುದೂ ಸರಿಯಲ್ಲ. ರಿಸೀವರ್, ರೆಕ್ಕೆ-ಬಾಲದ ಫಲಕ ತಿರುಗಿಸುವ ಸರ್ವೊಗಳು ಮೋಟಾರ್ ನಿಂತಾಗಲೂ ಒಂದಿಷ್ಟು ಕುಡಿಯುತ್ತಿರುತ್ತವೆ, ಅದು ನಿಜವಾದ ಖರ್ಚು. ಪ್ರೊಪೆಲ್ಲರ್ ಬಿಚ್ಚಿಡಿ. ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಬ್ಯಾಟರಿಯ ಕೆಂಪು ತಂತಿಯ ಸಾಲಿನಲ್ಲಿ ಸೇರಿಸಿ, ಥ್ರಾಟಲ್ ಮುಟ್ಟದೆ ಓದಿ. ನಿಮ್ಮಂಥ ವಿಮಾನದಲ್ಲಿ 0.2ರಿಂದ 0.3 ಆಂಪಿಯರ್ ಬರಬಹುದು. 0.3 ಬಂದಿತು ಎಂದುಕೊಳ್ಳಿ, ಆಗ ಸೆನ್ಸರಿನ ತಪ್ಪು 1.1. ರಿಮೋಟಿನ ಟೆಲಿಮೆಟ್ರಿ (ವಿಮಾನದಿಂದ ಬರುವ ಅಳತೆಗಳ) ಪುಟದಲ್ಲಿ ಕರೆಂಟ್ ಸೆನ್ಸರನ್ನು ತಿದ್ದಲು ತೆರೆದು ಆಫ್‌ಸೆಟ್ ಎಂಬಲ್ಲಿ ಮೈನಸ್ 1.1 ಹಾಕಿ. ಅದರ ಕೆಳಗೆ ಆಟೊ ಆಫ್‌ಸೆಟ್ ಎಂಬ ಸುಲಭದ ದಾರಿ ಕಾಣುತ್ತದೆ. ಮೊದಲು ಬಂದ ಓದನ್ನೇ ಅದು ಸೊನ್ನೆ ಎಂದು ಹಿಡಿಯುತ್ತದೆ. ಆ ಗಳಿಗೆಯಲ್ಲಿ ಸರ್ವೊ ಅಲುಗಾಡುತ್ತಿದ್ದರೆ ಅದೂ ಸೊನ್ನೆಯೊಳಗೆ ಸೇರಿಹೋಗುತ್ತದೆ. ಕೈಯಿಂದ ಹಾಕಿದ ಸೊನ್ನೆಯೇ ನನಗೆ ಇಷ್ಟ.

ಸೊನ್ನೆಯ ನಂತರ ಅಳತೆ. ಮನೆಯಲ್ಲಿ ಇರುವ ಸಾಮಾನ್ಯ ಕ್ಲಾಂಪ್ ಮೀಟರ್ ಎಸಿಯನ್ನು ಮಾತ್ರ ಓದುತ್ತದೆ, ಡಿಸಿ ಕ್ಲಾಂಪ್ ಇಲ್ಲದಿದ್ದರೆ ಅದನ್ನು ತರಬೇಡಿ. ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಇದೆ: ಚಾರ್ಜರ್. ಬ್ಯಾಟರಿಯನ್ನು ಪೂರ್ತಿ ತುಂಬಿ, ಹಾರಿಸಿ, ಇಳಿಸಿದ ಮೇಲೆ ರಿಮೋಟ್ ತೋರಿಸುವ ಎಂಎಎಚ್ ಬರೆದುಕೊಳ್ಳಿ. ಮತ್ತೆ ತುಂಬುವಾಗ ಚಾರ್ಜರ್ ಎಷ್ಟು ಹಾಕಿತು ಎಂದು ನೋಡಿ. ಲಿಪೊದಲ್ಲಿ ತೆಗೆದಷ್ಟನ್ನೇ ಹೆಚ್ಚುಕಡಿಮೆ ಹಾಕಬೇಕಾಗುತ್ತದೆ, ನಡುವೆ ಸೋರಿಹೋಗುವುದು ತೀರಾ ಕಡಿಮೆ. ರಿಮೋಟ್ 1240 ಎಂದು, ಚಾರ್ಜರ್ 1310 ಎಂದು ಹೇಳಿದರೆ ಸೆನ್ಸರ್ ನೂರಕ್ಕೆ ಐದೂವರೆಯಷ್ಟು ಕಡಿಮೆ ಓದುತ್ತಿದೆ. ಸೆನ್ಸರಿನ ಪುಟದಲ್ಲಿ ರೇಷಿಯೊ ಎಂಬ ಸಾಲಿದೆ. ಅಲ್ಲಿ 25.5 ಎಂದರೆ ಬಂದ ಅಂಕಿ ಬಂದಂತೆಯೇ, 26.9 ಎಂದರೆ ಆ ಐದೂವರೆ ಸೇರಿದಂತೆ. ಒಂದೇ ಹಾರಾಟ ನೋಡಿ ತಿದ್ದಬೇಡಿ. ಬೇರೆ ಬೇರೆ ದಿನಗಳ ಕೆಲವು ಹಾರಾಟ ನೋಡಿ, ವ್ಯತ್ಯಾಸ ಒಂದೇ ಕಡೆ ವಾಲುತ್ತಿದ್ದರೆ ಮಾತ್ರ ತಿದ್ದಿ.

ಎಂಎಎಚ್ ಲೆಕ್ಕ ನಿಮ್ಮ ಪರದೆಯಲ್ಲಿ ಬಂದಿದೆ ಎಂದಿದ್ದೀರಿ, ಆದರೂ ಹೇಗೆ ಮಾಡಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ. ಹೊಸ ಸೆನ್ಸರ್ ಸೇರಿಸಿ, ಅದರ ಬಗೆ ಕ್ಯಾಲ್ಕುಲೇಟೆಡ್, ಸೂತ್ರ ಕನ್ಸಂಪ್ಷನ್, ಮೂಲ ನಿಮ್ಮ ಕರೆಂಟ್ ಸೆನ್ಸರ್. ಪರ್ಸಿಸ್ಟೆಂಟ್ ಎಂಬುದಕ್ಕೆ ಗುರುತು ಹಾಕಿದರೆ ರಿಮೋಟ್ ಆರಿಸಿದರೂ ಲೆಕ್ಕ ಉಳಿಯುತ್ತದೆ. ನಾನು ಹಾಕುತ್ತೇನೆ. ಆದರೆ ಹಾಕಿದ ಮೇಲೆ ಬ್ಯಾಟರಿ ಬದಲಿಸಿದಾಗ ಸೊನ್ನೆ ಮಾಡುವುದು ನಿಮ್ಮ ಹೊಣೆ. ಕೈ ಬಿಟ್ಟರೆ ತಾನೇ ಹಿಂದಕ್ಕೆ ಬರುವ ಸ್ವಿಚ್ಚಿಗೆ, ಸ್ಪೆಷಲ್ ಫಂಕ್ಷನ್ ಪುಟದಲ್ಲಿ ರೀಸೆಟ್ ಕಟ್ಟಿಕೊಳ್ಳಿ. ಹೊಸ ಬ್ಯಾಟರಿ ಸಿಕ್ಕಿಸಿದ ಕೂಡಲೇ ಆ ಸ್ವಿಚ್.

ಈಗ ಕೂಗುವ ಎಚ್ಚರಿಕೆ. ವೋಲ್ಟೇಜು ಥ್ರಾಟಲ್ ತೆರೆದಾಗ ಕುಸಿಯುವುದು ಬ್ಯಾಟರಿಯೊಳಗಿನ ಅಡ್ಡಿಯಿಂದ. ಸೆಲ್ಲಿಗೆ 8 ಮಿಲಿಓಮ್ ಎಂದಿಟ್ಟುಕೊಂಡರೆ ಮೂರಕ್ಕೆ 24, ಅದನ್ನು 22 ಆಂಪಿಯರಿನಿಂದ ಗುಣಿಸಿದರೆ ಅರ್ಧ ವೋಲ್ಟಿಗೂ ಸ್ವಲ್ಪ ಹೆಚ್ಚು. ಹಳೆಯ ಬ್ಯಾಟರಿಯಾದರೆ, ಸೆಲ್ಲಿಗೆ 15 ಮಿಲಿಓಮ್ ಆಗಿದ್ದರೆ, ಒಂದು ವೋಲ್ಟ್. ಅಂದರೆ ಅರ್ಧ ತುಂಬಿದ ಬ್ಯಾಟರಿಯೂ ಪೂರ್ತಿ ಥ್ರಾಟಲಿಗೆ 11.1ರ ಕೆಳಗೆ ಇಳಿಯುತ್ತದೆ. 11.1 ಎನ್ನುವುದು ಬ್ಯಾಟರಿಯ ಮೇಲೆ ಅಚ್ಚು ಹಾಕಿರುವ ಹೆಸರಿನ ವೋಲ್ಟೇಜು, ಅದು ಇಳಿಸುವ ಗಡಿಯಲ್ಲ. ಪದೇಪದೇ ಸುಳ್ಳು ಕೂಗುವ ಎಚ್ಚರಿಕೆ ಅಪಾಯಕಾರಿ, ಏಕೆಂದರೆ ಒಂದು ದಿನ ಅದು ನಿಜ ಹೇಳಿದಾಗ ನಿಮ್ಮ ಕಿವಿ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ನಾನು ಇಟ್ಟಿರುವ ಕ್ರಮ ಹೀಗಿದೆ. ಮುಖ್ಯ ಎಚ್ಚರಿಕೆ ಖರ್ಚಾದ ಎಂಎಎಚ್ ಮೇಲೆ. 2200ರಲ್ಲಿ ನೂರಕ್ಕೆ ಎಂಬತ್ತು ಎಂದರೆ 1760, ಅದರಾಚೆ ಹೋಗುವುದು ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದಲ್ಲ. ನೆಲದಿಂದ ಎದ್ದು ಸುತ್ತುವಾಗ ಸರಾಸರಿ 12 ಆಂಪಿಯರ್ ಹಿಡಿದರೆ ನಿಮಿಷಕ್ಕೆ 200 ಎಂಎಎಚ್. ನಿಮ್ಮ ಕಣದ ಸುತ್ತ ಮರಗಳಿವೆ, ಒಂದು ಸಲ ಇಳಿಯುವುದು ತಪ್ಪಿದರೆ ಮತ್ತೊಂದು ಸುತ್ತು ಬರಬೇಕು. ಹಾಗಾಗಿ 1350ಕ್ಕೆ ಮೊದಲ ಮಾತು, 1600ಕ್ಕೆ ಎರಡನೆಯದು. ವೋಲ್ಟೇಜನ್ನು ಎರಡನೇ ಕಾವಲಾಗಿ 10.2ಕ್ಕೆ ಇಡಿ, ಲಾಜಿಕಲ್ ಸ್ವಿಚ್ಚಿನಲ್ಲಿ (ಹೇಳಿದ ಷರತ್ತು ಕೂಡಿಬಂದಾಗ ತಾನೇ ಆನ್ ಆಗುವಂಥದ್ದು) ಡಿಲೇ 3 ಸೆಕೆಂಡ್ ಹಾಕಿ. ಮೂರು ಸೆಕೆಂಡ್ ಬಿಡದೆ ಅಷ್ಟರ ಕೆಳಗಿದ್ದರೆ ಮಾತ್ರ ಕೂಗಲಿ. ಒಂದು ಸೆಲ್ ಕೆಟ್ಟಿದ್ದರೆ ಎಂಎಎಚ್ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ, ವೋಲ್ಟೇಜಿಗೆ ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಬಹಳ ಜನ ಮರೆಯುತ್ತಾರೆ. ಅರ್ಧ ಖಾಲಿಯಾದ ಬ್ಯಾಟರಿ ಸಿಕ್ಕಿಸಿ ಸೊನ್ನೆ ಒತ್ತಿದರೆ ಎಣಿಕೆ ಅದನ್ನು ತುಂಬಿದ್ದೆಂದೇ ತಿಳಿಯುತ್ತದೆ. ಅದಕ್ಕೆ, ಎಣಿಕೆ 50ಕ್ಕಿಂತ ಕಡಿಮೆ ಇರುವಾಗ ವೋಲ್ಟೇಜು 12.4ರ ಕೆಳಗಿದ್ದರೆ ಅದನ್ನೂ ಕೂಗುವಂತೆ ಮಾಡಿ.

ಕೂಗುವುದು ಎಂದಾಗ ಬೀಪ್ ಇಡಬೇಡಿ. ಆ ರಿಮೋಟಿನಲ್ಲಿ ನಿಮ್ಮದೇ ದನಿಯ ಕಡತ ಹಾಕಬಹುದು: ಮೊನೊ, 16 ಬಿಟ್‌ನ ವೇವ್ ಕಡತ, ಹೆಸರು ಇಂಗ್ಲಿಷಿನಲ್ಲಿ ಆರು ಅಕ್ಷರದೊಳಗೆ, ಎಸ್‌ಡಿ ಕಾರ್ಡಿನ ಸೌಂಡ್ಸ್ ಫೋಲ್ಡರಿನಲ್ಲಿ ನಿಮ್ಮ ಭಾಷೆಯ ಹೆಸರಿನ ಒಳಗೆ. ನನ್ನ ರಿಮೋಟಿನಲ್ಲಿ ಮೊಮ್ಮಗ ‘ತಾತಾ, ಇಳಿಸು’ ಎನ್ನುತ್ತಾನೆ. ಕಣ್ಣು ವಿಮಾನದ ಮೇಲೆಯೇ ಇರುತ್ತದೆ, ಕೈ ತಾನಾಗಿ ಇಳಿಸುವ ಕಡೆ ತಿರುಗುತ್ತದೆ.

ಪರದೆಗೆ ಬಂದರೆ, ಹಾರುವಾಗ ಓದುವುದಕ್ಕೆಂದು ಏನನ್ನೂ ಇಡಬೇಡಿ. ಎರಡೇ ಅಂಕಿ ದೊಡ್ಡದಾಗಿರಲಿ: ಖರ್ಚಾದ ಎಂಎಎಚ್, ಈಗಿನ ವೋಲ್ಟೇಜು. ಉಳಿದದ್ದು ಇಳಿದ ಮೇಲೆ ನೋಡುವುದು, ಅದನ್ನು ಇನ್ನೊಂದು ಪುಟಕ್ಕೆ ಹಾಕಿ. ಪ್ರತಿ ಸೆನ್ಸರಿಗೂ ರಿಮೋಟ್ ತಾನೇ ಗರಿಷ್ಠ, ಕನಿಷ್ಠಗಳನ್ನು ಇಟ್ಟುಕೊಂಡಿರುತ್ತದೆ, ಹೆಸರಿನ ಕೊನೆಯಲ್ಲಿ ಕೂಡಿಸುವ ಚಿಹ್ನೆ ಇರುವುದು ಗರಿಷ್ಠ, ಕಳೆಯುವ ಚಿಹ್ನೆ ಇರುವುದು ಕನಿಷ್ಠ. ಕರೆಂಟಿನ ಗರಿಷ್ಠ ಮತ್ತು ವೋಲ್ಟೇಜಿನ ಕನಿಷ್ಠ, ಈ ಎರಡನ್ನು ಹಾಕಿ. ವಾರ ವಾರ ಕನಿಷ್ಠ ವೋಲ್ಟೇಜು ಇಳಿಯುತ್ತಾ ಬಂದರೆ ಬ್ಯಾಟರಿ ಮುದಿಯಾಗುತ್ತಿದೆ, ಇಲ್ಲವೇ ಎಲ್ಲೋ ಬೆಸುಗೆ ಸಡಿಲವಾಗಿದೆ. ವ್ಯಾಟ್ ಬೇಕೆನಿಸಿದರೆ ಇಡಿ. 22 ಆಂಪಿಯರು, 10.9 ವೋಲ್ಟು ಎಂದರೆ 240 ವ್ಯಾಟ್, ಕಿಲೋಗೆ 218. ಟ್ರೇನರಿಗೆ ಅದು ಬೇಕಾದಷ್ಟಾಯಿತು.

ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಿಂದ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಬ್ಯಾಟರಿ ಹೇಗಿದೆ ಎಂದು ಅಲ್ಲಿ ಟೆಲಿಮೆಟ್ರಿಯಿಂದಲೇ ತಿಳಿಯಬೇಕು, ಹತ್ತಿರ ಹೋಗಿ ಮುಟ್ಟಿ ನೋಡುವ ಮಾತೇ ಇಲ್ಲ. ನಿಮ್ಮ ವಿಮಾನವೂ ಕೈ ಬಿಟ್ಟ ಮೇಲೆ ಹಾಗೆಯೇ. ಆದ್ದರಿಂದ ನೆಲದ ಮೇಲೆ ಸೊನ್ನೆಯನ್ನು ಸರಿಮಾಡಲು ಒಂದು ಗಂಟೆ ಹೋದರೂ ಹೋಗಲಿ.

---

ಕಡೂರು ಬಯಲು

ಮೀಟರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೂರು ಕಡೆ ಬಯಲು, ಕಣ್ಣು ಹಾಯುವವರೆಗೂ ಮರವಿಲ್ಲ, ಟೆಲಿಮೆಟ್ರಿ ಎಂದೂ ಕಡಿದುಹೋಗುವುದಿಲ್ಲ. ಆಲ್ದೂರಿನವರದ್ದು ಗುಡ್ಡ, ಮರ, ತಗ್ಗು. ಅಲ್ಲಿ ಒಂದು ಸೂಕ್ಷ್ಮವಿದೆ. ಈ ಕನ್ಸಂಪ್ಷನ್ ಲೆಕ್ಕ ನಡೆಯುವುದು ವಿಮಾನದಲ್ಲಲ್ಲ, ನಿಮ್ಮ ಕೈಯಲ್ಲಿರುವ ರಿಮೋಟಿನಲ್ಲಿ. ಮೇಲಿಂದ ಬಂದ ಆಂಪಿಯರುಗಳನ್ನು ರಿಮೋಟ್ ಕೂಡಿಸುತ್ತದೆ. ವಿಮಾನ ಸಿಲ್ವರ್ ಓಕ್ ಸಾಲಿನ ಹಿಂದೆ ತಗ್ಗಿಗೆ ಹೋಗಿ ಟೆಲಿಮೆಟ್ರಿ ಕಡಿದರೆ ಆ ಹೊತ್ತಿನ ಖರ್ಚು ಲೆಕ್ಕಕ್ಕೆ ಬರುವುದೇ ಇಲ್ಲ. ಮೋಟಾರ್ ಎಳೆಯುತ್ತಿರುತ್ತದೆ, ಎಣಿಕೆ ನಿಂತಿರುತ್ತದೆ.

‘ಟೆಲಿಮೆಟ್ರಿ ಲಾಸ್ಟ್’ ಎಂಬ ದನಿ ಕೇಳಿಸಿದ ಹಾರಾಟದಲ್ಲಿ ಎಂಎಎಚ್ ಅಂಕಿಯನ್ನು ನಂಬಬೇಡಿ, ಬೇಗ ಇಳಿಸಿ. ಅಂಥ ಹಾರಾಟದ ಅಂಕಿಯನ್ನು ಚಾರ್ಜರಿನ ಜೊತೆ ಹೋಲಿಸಿ ರೇಷಿಯೊ ತಿದ್ದಲು ಹೋಗಲೂ ಬೇಡಿ, ಸೆನ್ಸರಿನ ತಪ್ಪಲ್ಲದ್ದನ್ನು ಸೆನ್ಸರಿನ ಮೇಲೆ ಹಾಕಿದಂತಾಗುತ್ತದೆ. ರಿಸೀವರಿನ ಎರಡು ಆಂಟೆನಾ ಒಂದಕ್ಕೊಂದು ಲಂಬವಾಗಿರಲಿ, ಬ್ಯಾಟರಿಯಿಂದಲೂ ದಪ್ಪ ತಂತಿಗಳಿಂದಲೂ ದೂರ ಇರಲಿ. ಅರ್ಧ ತೊಂದರೆ ಅದರಲ್ಲೇ ಹೋಗುತ್ತದೆ.

---

ಹಾಸನ ಇ ಅಂಡ್ ಸಿ

ಮೀಟರ್ ಸರ್, 0.1 ಓಮ್ ವಿಷಯವನ್ನು ತಿಳಿಸಿದ್ದಕ್ಕೆ ವಂದನೆಗಳು. ಎಸಿಎಸ್758 ತರಿಸುತ್ತೇನೆ. ಒಂದು ಸಂಶಯ. ಇಎಸ್‌ಸಿಯ 5 ವೋಲ್ಟ್ ಸಾಲಿನಿಂದಲೇ ನ್ಯಾನೊ ಓಡಿಸಿದರೆ, ಸರ್ವೊ ಅಲುಗಾಡಿದಾಗ ಆ 5 ವೋಲ್ಟ್ 4.8ಕ್ಕೆ ಇಳಿಯುತ್ತದೆ. ಆಗ ಸೆನ್ಸರಿನ 2.5 ಸೊನ್ನೆಯೂ ಜಾರುತ್ತದೆಯಲ್ಲ? ವೋಲ್ಟೇಜ್ ಓದಲು 10ಕೆ ಮತ್ತು 4.7ಕೆ ರೆಸಿಸ್ಟರ್ ಇಡಬಹುದೇ? ಪರದೆಯ ಲೈಬ್ರರಿ ಹಾಕಿದರೆ ಮೆಮೊರಿ ಸಾಲದು ಎಂದೂ ಬರುತ್ತಿದೆ.

---

ಮೀಟರ್ ಪರೀಕ್ಷಕ, ಹಾಸನ

ತಮ್ಮಾ, ಒಳ್ಳೆಯ ಸಂಶಯ. ಜಾರುತ್ತದೆ, ಆದರೆ ತೊಂದರೆಯಿಲ್ಲ. ಆ ಸೆನ್ಸರಿನ ಸೊನ್ನೆಯೂ ಅಳತೆಯೂ ಅದಕ್ಕೆ ಕೊಟ್ಟ ವೋಲ್ಟೇಜಿನ ಪ್ರಮಾಣದಲ್ಲೇ ಬದಲಾಗುತ್ತವೆ. ನ್ಯಾನೊ ಕೂಡ ಅದೇ 5 ವೋಲ್ಟನ್ನು ಅಳತೆಗೋಲಾಗಿ ಇಟ್ಟುಕೊಂಡಿರುವುದರಿಂದ ಎರಡೂ ಒಟ್ಟಿಗೆ ಇಳಿಯುತ್ತವೆ, ಬರುವ ಅಂಕಿ ಬದಲಾಗುವುದಿಲ್ಲ. ಆದರೆ ಬ್ಯಾಟರಿ ವೋಲ್ಟೇಜಿಗೆ ಈ ರಕ್ಷಣೆ ಇಲ್ಲ. ಬ್ಯಾಟರಿ ಇದ್ದಲ್ಲೇ ಇರುತ್ತದೆ, ಅಳತೆಗೋಲು ಮಾತ್ರ ಕುಗ್ಗಿರುತ್ತದೆ, ಹಾಗಾಗಿ ವೋಲ್ಟೇಜು ಹೆಚ್ಚು ಓದುತ್ತದೆ. ಮೇಜಿನ ಮೇಲಿನ ಪರೀಕ್ಷೆಗೆ ನ್ಯಾನೊಗೆ ಬೇರೆ 5 ವೋಲ್ಟ್ ಕೊಡು, ನೆಲದ ತಂತಿ ಮಾತ್ರ ಒಂದೇ ಇರಲಿ.

10ಕೆ, 4.7ಕೆ ಮೂರು ಸೆಲ್ಲಿಗೆ ಸರಿ, 12.6 ವೋಲ್ಟು 4.03 ಆಗುತ್ತದೆ. ನಾಲ್ಕು ಸೆಲ್ಲಿನ ಬ್ಯಾಟರಿ ಸಿಕ್ಕಿಸಿದರೆ 16.8 ವೋಲ್ಟು 5.37 ಆಗಿ ನ್ಯಾನೊ ಓದಬಲ್ಲ 5 ವೋಲ್ಟನ್ನು ಮೀರುತ್ತದೆ. ಎರಡಕ್ಕೂ ಆಗಲಿ ಎಂದಾದರೆ 10ರ ಬದಲು 15ಕೆ ಹಾಕು.

ಮೆಮೊರಿಯ ವಿಷಯಕ್ಕೆ, ನ್ಯಾನೊದಲ್ಲಿರುವುದೇ 2 ಕಿಲೋಬೈಟ್ ರ‍್ಯಾಮ್. 128×64 ಪರದೆಯ ಚಿತ್ರ ಪೂರ್ತಿ ಇಟ್ಟುಕೊಂಡರೆ 1024 ಬೈಟ್, ಅರ್ಧ ಅಲ್ಲಿಗೇ ಹೋಯಿತು. ನಿನಗೆ ಚಿತ್ರ ಬೇಡ, ಅಂಕಿ ಸಾಕು. ಅಕ್ಷರ ಮಾತ್ರ ಬರೆಯುವ ಯು8ಎಕ್ಸ್8 ಲೈಬ್ರರಿ ಬಳಸು, ಅದಕ್ಕೆ ಆ ಜಾಗ ಬೇಡ. ಎಂಎಎಚ್ ಕೂಡಿಸುವಾಗ ಆಂಪಿಯರನ್ನು ಕಳೆದ ಸೆಕೆಂಡುಗಳಿಂದ ಗುಣಿಸಿ 3.6ರಿಂದ ಭಾಗಿಸು. ಪ್ರತಿ ಸುತ್ತಿಗೂ ಇಷ್ಟು ಸಮಯ ಎಂದು ಊಹಿಸಬೇಡ, ಪರದೆ ಬರೆಯುವ ಸುತ್ತು ನಿಧಾನವಾಗಿರುತ್ತದೆ, ಗಡಿಯಾರವನ್ನು ಪ್ರತಿ ಸಲ ಓದು.

---

ಆಲ್ದೂರು ತೋಟ

ಎಲ್ಲರಿಗೂ ಮನಸಾರೆ ಧನ್ಯವಾದ. ಸರ್, ನೀವು ಹೇಳಿದಂತೆಯೇ ಮಾಡಿದೆ. ಮೋಟಾರ್ ನಿಂತಾಗ ನಿಜವಾದ ಖರ್ಚು ಮಲ್ಟಿಮೀಟರಿನಲ್ಲಿ 0.25 ಬಂದಿತು, ಆಫ್‌ಸೆಟ್ ಅದರಂತೆ ಹಾಕಿದೆ. ಈಗ ಚಾರ್ಜರಿಗೂ ರಿಮೋಟಿಗೂ ವ್ಯತ್ಯಾಸ 20-30 ಎಂಎಎಚ್, ಅದೂ ಒಮ್ಮೆ ಆಚೆ, ಒಮ್ಮೆ ಈಚೆ. ರೇಷಿಯೊ ಮುಟ್ಟಲಿಲ್ಲ. ಕಡೂರಿನವರು ಹೇಳಿದಂತೆ ಆಂಟೆನಾ ತಿರುಗಿಸಿದ ಮೇಲೆ ತಗ್ಗಿನ ಕಡೆ ಹೋದಾಗಲೂ ಟೆಲಿಮೆಟ್ರಿ ಕಡಿದುಹೋಗುತ್ತಿಲ್ಲ. ಎಚ್ಚರಿಕೆಗೆ ನನ್ನ ಅಮ್ಮನ ದನಿ ಹಾಕಿದ್ದೇನೆ, ‘ಬಾರೋ, ಊಟಕ್ಕಾಯಿತು’ ಎಂದು 1350ಕ್ಕೆ ಕರೆಯುತ್ತಾರೆ. ಅಮ್ಮನಿಗೆ ಬಹಳ ಖುಷಿ, ನನಗೂ.

ಇನ್ನು ಎರಡು ಕೇಳುವುದಿದೆ. ಬೆಳಗ್ಗೆ ಏಳಕ್ಕೆ ಹಾರಿಸಿದಾಗ 10.2ರ ಎಚ್ಚರಿಕೆ ಬೇಗ ಬರುತ್ತದೆ, ಹತ್ತು ಗಂಟೆಗೆ ಅದೇ ಬ್ಯಾಟರಿಯಲ್ಲಿ ಬರುವುದಿಲ್ಲ. ಮತ್ತೆ, ಕಣ ಚಿಕ್ಕದು, ಸಿಲ್ವರ್ ಓಕ್ ಎತ್ತರ, ಬೇಗ ಏರಬೇಕು. 9×6 ತೆಗೆದು 10×5 ಹಾಕಬಹುದೇ? ಪೂರ್ತಿ ಥ್ರಾಟಲಿಗೆ ಈಗ ಗರಿಷ್ಠ 22.3 ಆಂಪಿಯರ್ ತೋರಿಸುತ್ತಿದೆ. ಮೋಟಾರಿನ ಜೊತೆ ಬಂದ ಪಟ್ಟಿಯಲ್ಲಿ ಇದೇ ಪ್ರೊಪೆಲ್ಲರಿಗೆ 24 ಎಂದಿದೆ, ನನ್ನ ಸೆನ್ಸರ್ ಇನ್ನೂ ಕಡಿಮೆ ಓದುತ್ತಿದೆಯೇ?

---

ಮೀಟರ್ ಪರೀಕ್ಷಕ, ಹಾಸನ

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅಂಥ ಎಚ್ಚರಿಕೆಯನ್ನು ಯಾರೂ ಮೀರುವುದಿಲ್ಲ.

ಸೆನ್ಸರನ್ನು ಅನುಮಾನಿಸಬೇಡಿ, ಚಾರ್ಜರ್ ಅದರ ಪರ ಸಾಕ್ಷಿ ಹೇಳಿಯಾಗಿದೆ. ಪಟ್ಟಿಗಳ ಅಳತೆ ಸಾಮಾನ್ಯವಾಗಿ ತಗ್ಗು ಪ್ರದೇಶದ ಕಾರ್ಖಾನೆಗಳಲ್ಲಿ ಆಗಿರುತ್ತದೆ. ನೀವಿರುವುದು ಸಮುದ್ರ ಮಟ್ಟದಿಂದ 1000 ಮೀಟರ್ ಆಸುಪಾಸಿನ ಎತ್ತರದಲ್ಲಿ. 1000 ಮೀಟರಿಗೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋದಿಂದ 1.11ಕ್ಕೆ ಇಳಿಯುತ್ತದೆ, ನೂರಕ್ಕೆ ಒಂಬತ್ತರಷ್ಟು. ಪ್ರೊಪೆಲ್ಲರಿಗೆ ತಳ್ಳಲು ಗಾಳಿ ಕಡಿಮೆ, ಮೋಟಾರಿಗೆ ಹೊರೆ ಕಡಿಮೆ, ಆಂಪಿಯರೂ ಕಡಿಮೆ. ಎಳೆತವೂ ಅಷ್ಟೇ ಕಡಿಮೆ ಎನ್ನುವುದನ್ನು ಮರೆಯಬೇಡಿ, ನಿಮ್ಮ ವಿಮಾನ ಏರಲು ತಿಣುಕುವುದರಲ್ಲಿ ಅದರ ಪಾಲೂ ಇದೆ. ಇದೇ ವಿಮಾನವನ್ನು ಮಂಗಳೂರಿನ ಕಡಲ ದಂಡೆಗೆ ಒಯ್ದರೆ ಆಂಪಿಯರು ಒಂದೆರಡು ಏರುತ್ತದೆ. ಅಲ್ಲಿಗೆ ಹೋಗುವುದಿದ್ದರೆ ಇಎಸ್‌ಸಿಯ ಗಡಿಗೆ ತೀರಾ ಹತ್ತಿರವಿರುವ ಪ್ರೊಪೆಲ್ಲರ್ ಬೇಡ.

ಬೆಳಗಿನ ತೊಂದರೆ ಚಳಿಯದು. ತಣ್ಣಗಿರುವ ಲಿಪೊದ ಒಳಗಿನ ಅಡ್ಡಿ ಹೆಚ್ಚು, ಅದಕ್ಕೇ ವೋಲ್ಟೇಜು ಹೆಚ್ಚು ಕುಸಿಯುತ್ತದೆ. ಎಚ್ಚರಿಕೆಯ ಗಡಿಯನ್ನು ಇಳಿಸಬೇಡಿ, ಅದು ಸರಿಯಾಗಿಯೇ ಹೇಳುತ್ತಿದೆ. ಬ್ಯಾಟರಿಯನ್ನು ಹಾರಿಸುವವರೆಗೂ ಸ್ವೆಟರಿನ ಒಳಜೇಬಿನಲ್ಲಿಟ್ಟುಕೊಳ್ಳಿ, ತುದಿಯ ಕನೆಕ್ಟರಿಗೆ ಮುಚ್ಚಳ ಇರಲಿ. ಒಲೆಯ ಹತ್ತಿರ, ಬಿಸಿಲಿಗೆ ನಿಂತ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಬಿಸಿ ಮಾಡುವುದು ಖಂಡಿತ ಬೇಡ. ಹಾರಿಸಿದ ಮೇಲೂ ಮೊದಲ ಒಂದು ನಿಮಿಷ ಥ್ರಾಟಲನ್ನು ಅರ್ಧದಲ್ಲಿಡಿ, ಬ್ಯಾಟರಿ ತಾನೇ ಬೆಚ್ಚಗಾಗುತ್ತದೆ.

10×5 ಪ್ರಶ್ನೆ. ಅಷ್ಟೇ ಸುತ್ತಿಗೆ ಪ್ರೊಪೆಲ್ಲರ್ ಕೇಳುವ ಶಕ್ತಿ ವ್ಯಾಸದ ನಾಲ್ಕನೇ ಘಾತಕ್ಕೂ ಪಿಚ್ಚಿಗೂ ತಕ್ಕಂತೆ ಏರುತ್ತದೆ. ಒಂಬತ್ತರಿಂದ ಹತ್ತಕ್ಕೆ ಹೋದರೆ 1.52 ಪಟ್ಟು, ಪಿಚ್ ಆರರಿಂದ ಐದಕ್ಕೆ ಇಳಿದರೆ 0.83, ಒಟ್ಟು 1.27 ಪಟ್ಟು. ನಿಮ್ಮ 22.3 ಲೆಕ್ಕದಲ್ಲಿ 28 ಆಗುತ್ತದೆ, ಆದರೆ ಹೊರೆಗೆ ಮೋಟಾರಿನ ಸುತ್ತು ಸ್ವಲ್ಪ ಇಳಿಯುವುದರಿಂದ 26ರ ಸುತ್ತ ನಿಲ್ಲಬಹುದು. ಏರುವುದು ಸುಧಾರಿಸುತ್ತದೆ, ನೆಟ್ಟಗೆ ಓಡುವ ವೇಗ ಸ್ವಲ್ಪ ತಗ್ಗುತ್ತದೆ. ನಿಮ್ಮ ಕಣಕ್ಕೆ ಅದು ಒಳ್ಳೆಯ ವ್ಯಾಪಾರ.

ಹಾಕುವ ಮುನ್ನ ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ ಪ್ರೊಪೆಲ್ಲರಿನ ತುದಿಗೂ ಕಣದ ಸಿಮೆಂಟಿಗೂ ನಡುವೆ ಎರಡು ಬೆರಳಾದರೂ ಜಾಗವಿದೆಯೇ ನೋಡಿ, ತುದಿ ಅರ್ಧ ಇಂಚು ಕೆಳಗೆ ಬರುತ್ತದೆ. ಆಮೇಲೆ ಪೂರ್ತಿ ತುಂಬಿದ ಬ್ಯಾಟರಿ ಹಾಕಿ, ಬಾಲವನ್ನು ಗೂಟಕ್ಕೆ ಕಟ್ಟಿ, ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು ಐದು ಸೆಕೆಂಡ್ ಪೂರ್ತಿ ಥ್ರಾಟಲ್ ಕೊಡಿ. ನಿಲ್ಲಿಸಿ, ಎರಡನೇ ಪುಟದಲ್ಲಿ ಗರಿಷ್ಠ ಆಂಪಿಯರ್ ಓದಿ, ಮೋಟಾರನ್ನು ಮುಟ್ಟಿ ನೋಡಿ. 27ರೊಳಗಿದ್ದು ಮೋಟಾರಿನ ಮೇಲೆ ಬೆರಳು ಇಡುವಂತಿದ್ದರೆ ಹಾರಿಸಿ. ನೆಲದ ಮೇಲೆ ನಿಂತಾಗ ಬರುವುದೇ ಹೆಚ್ಚು, ಗಾಳಿಯಲ್ಲಿ ಮುಂದೆ ಸಾಗುವಾಗ ಅದಕ್ಕಿಂತ ಇಳಿಯುತ್ತದೆ. 27 ದಾಟಿದರೆ 10×5 ಬಿಚ್ಚಿ 9×6 ಮರಳಿ ಹಾಕಿ, ಅಥವಾ 40 ಆಂಪಿಯರಿನ ಇಎಸ್‌ಸಿ ಬಂದ ಮೇಲೆ ಮತ್ತೆ ನೋಡಿ. ಇಎಸ್‌ಸಿ ಬದಲಿಸುವಾಗ ಬ್ಯಾಟರಿ ಕಡೆಯ ತಂತಿಯನ್ನು ಉದ್ದ ಮಾಡಬೇಡಿ, ಸೆನ್ಸರಿನಿಂದ ಆಗಲೇ ಸ್ವಲ್ಪ ಉದ್ದವಾಗಿದೆ. ಉದ್ದ ಬೇಕಾದರೆ ಮೋಟಾರ್ ಕಡೆಯ ಮೂರು ತಂತಿಗಳಲ್ಲಿ ಮಾಡಿಕೊಳ್ಳಿ. ಬಂದ ಅಂಕಿಯನ್ನು ಇಲ್ಲಿ ಬರೆಯಿರಿ.